ಕಾಳಿ ಚಾರ ಪಟ್ಟಿಯ ಜೋಗುಳ

ಇದರಲ್ಲಿ ಗಂಟಲು ಕೆಡಿಸಿಕೊಂಡವಳು ನನ್ನ ಕಾಕು. ಪೇಟಿ ನುಡಿಸುವವರಿಗೆ ಏನೂ ಆಗಲಿಲ್ಲ. ಗಿಟಾರ್ ಕಲಿಸುವವರಿಗೆ ಏನೂ ಆಗಲಿಲ್ಲ. ಹೊಸಬರಿಗೆ ಸುಲಭ ಹಾಡುಗಳೆಂದು ಪುಸ್ತಕ ಅಚ್ಚು ಹಾಕಿಸಿದವರಿಗಂತೂ ಕಾಗವಾಡದ ಕಡೆ ಇಂಥ ಒಬ್ಬ ಹೆಂಗಸು ಇದ್ದಾಳೆಂಬ ಸುದ್ದಿಯೇ ತಲುಪಿಲ್ಲ. ಅಥಣಿಯ ಡಾಕ್ಟರು ಕಾಕುವಿನ ಬಾಯೊಳಗೆ ದೀಪ ಬಿಟ್ಟು ನೋಡಿ, ದನಿಯ ತಂತುಗಳು ಬಾತಿವೆ, ಹೀಗೇ ಕಿರಿಚುತ್ತಿದ್ದರೆ ದನಿ ಪೂರ್ತಿ ಹೋಗುತ್ತದೆ ಎಂದರು. ಕಾಕು ಜೀವಮಾನದಲ್ಲಿ ಯಾರ ಮೇಲೂ ಕಿರಿಚಿದವಳಲ್ಲ. ಅವಳು ಮಾಡುತ್ತಿದ್ದದ್ದು ಭಜನೆ.

ನನ್ನ ತಂದೆಯ ತಮ್ಮನ ಹೆಂಡತಿ ಅವಳು. ಕಾಗವಾಡದ ಹತ್ತಿರದ ಹಳ್ಳಿ, ಮನೆಯ ಹಿಂದೆ ದ್ರಾಕ್ಷಿ ತೋಟ, ಊರ ನಡುವೆ ಬಸದಿ. ಚತುರ್ದಶಿಗೊಮ್ಮೆ ಬಸದಿಯಲ್ಲಿ ಭಜನೆ ನಡೆಯುತ್ತದೆ. ಮಂಡಳಿಯಲ್ಲಿ ಹಾಡುವವರೆಲ್ಲ ಹೆಂಗಸರು. ಪೇಟಿ, ಅಂದರೆ ಹಾರ್ಮೋನಿಯಂ, ಮಾತ್ರ ಒಬ್ಬ ಗಂಡಸಿನ ಮುಂದಿರುತ್ತದೆ. ಶ್ರುತಿಗೆ ನಮ್ಮ ಕಡೆ ಪಟ್ಟಿ ಎನ್ನುತ್ತಾರೆ. ಪೇಟಿಯ ಕರಿ ಮನೆ, ಬಿಳಿ ಮನೆಗಳನ್ನು ಮರಾಠಿಯಲ್ಲಿ ಎಣಿಸಿ ಪಟ್ಟಿಗೆ ಹೆಸರಿಡುತ್ತಾರೆ. ಮೊದಲ ಕರಿ ಮನೆಯಿಂದ ಹಾಡು ಹೊರಟರೆ ಅದು ಕಾಳಿ ಏಕ. ನಾಲ್ಕನೆಯದರಿಂದ ಹೊರಟರೆ ಕಾಳಿ ಚಾರ. ನಮ್ಮ ಪೇಟಿ ಮಾಸ್ತರರು ಕಾಳಿ ಏಕದವರು. ಅವರು ಹಾಡುವುದಿಲ್ಲ. ಆದರೂ ಇಡೀ ಮಂಡಳಿ ಅವರ ಕಾಳಿ ಏಕದಲ್ಲಿ ಹಾಡುತ್ತದೆ.

ಆ ಪಟ್ಟಿಯಲ್ಲಿ ಹೆಂಗಸರಿಗೆ ಎರಡೇ ದಾರಿ. ಕೆಳಗೆ ಹಾಡಿದರೆ ಹಾಡುವವಳಿಗೇ ಕೇಳಿಸದು. ಮೇಲೆ ಹಾಡಿದರೆ ಪಕ್ಕದ ಓಣಿಗೂ ಕೇಳಿಸುತ್ತದೆ. ಬಸದಿಯ ಕಟ್ಟೆಯ ತುದಿಯಲ್ಲಿ ಕುಳಿತವರಿಗೂ ದೇವರ ಹೆಸರು ತಲುಪಲಿ ಎಂದು ಕಾಕು ಮೇಲಿನದನ್ನು ಆರಿಸಿಕೊಂಡಿದ್ದಳು. ಮಂಡಳಿಯಲ್ಲಿ ಅವಳದು ಗೊಗ್ಗರು ದನಿ ಎಂದು ತೀರ್ಮಾನವಾಗಿತ್ತು. ತೀರ್ಮಾನಿಸಿದವರು ಪೇಟಿ ಮಾಸ್ತರರು.

ಇನ್ನು ಗಿಟಾರಿನ ವಿಷಯ. ನಾನು ಓದಿದ ಶಾಲೆಯಲ್ಲಿ ಪ್ರಶ್ನೆ ಕೇಳದ ಮಗುವನ್ನು ಪಕ್ಕಕ್ಕೆ ಕರೆದು, ಮೈಯಲ್ಲಿ ಹುಷಾರಿಲ್ಲವೇ ಎಂದು ವಿಚಾರಿಸುತ್ತಿದ್ದರು. ಆ ಅಭ್ಯಾಸ ಉಳಿದುಬಂದಿದೆ. ಈಗ ಚಿಕ್ಕೋಡಿಯಲ್ಲಿ ಮನೆ ಮಾಡಿಕೊಂಡು, ನಿಪ್ಪಾಣಿಯ ಬೀಡಿ ಕಟ್ಟುವ ಹೆಂಗಸರಿಗಾಗಿ, ರಾಯಬಾಗದ ಕಡೆ ಕಬ್ಬಿನ ಗದ್ದೆಗೆ ಕೂಲಿ ಹೋಗುವ ಹೆಂಗಸರಿಗಾಗಿ ಸಭೆಗಳನ್ನು ನಡೆಸುತ್ತೇನೆ. ಸಭೆಗೆ ಹಾಡು ಬೇಕು. ಹಲಗೆ ಬಾರಿಸಲು ಗಂಡಸರನ್ನು ಕರೆಯಬೇಕಾಗುತ್ತಿತ್ತು. ಹೆಂಗಸರ ಹಕ್ಕಿನ ಸಭೆಗೆ ಅವರು ತಡವಾಗಿ ಬಂದು ಚಹಾ ಆದ ಮೇಲೆ ಹೊರಟುಬಿಡುತ್ತಿದ್ದರು. ಬಸ್ಸಿನಲ್ಲಿ ಒಯ್ಯಬಹುದಾದ, ನನ್ನ ಮಾತು ಕೇಳುವ ಒಂದು ವಾದ್ಯ ಬೇಕಾಗಿತ್ತು. ಮೊದಲನೆಯ ಗುಣ ಗಿಟಾರಿಗೆ ಇದೆ.

ತರಗತಿ ಒಂದು ಝೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿತ್ತು. ಹೆಂಗಸರಿಗೆ ಶೌಚಾಲಯವಿಲ್ಲವೆಂಬುದನ್ನು ಮೊದಲ ದಿನವೇ ಎತ್ತಿ ಹೇಳಿದೆ. ಗಂಡಸರಿಗೂ ಇಲ್ಲ ಎಂದು ಸರ್ ಸಮಾಧಾನಪಡಿಸಿದರು. ಆಮೇಲೆ ಸುಲಭ ಹಾಡುಗಳ ಪುಸ್ತಕವನ್ನು ಮುಂದಿಟ್ಟರು. ಮೂರು ಕಾರ್ಡುಗಳಲ್ಲಿ, ಅಂದರೆ ತಂತಿಗಳನ್ನು ಒಟ್ಟಿಗೆ ಒತ್ತಿ ಹಿಡಿಯುವ ಮೂರು ಬಗೆಗಳಲ್ಲಿ, ಮುಗಿಯುವ ಹಾಡುಗಳು. ಕನ್ನಡದವು, ಮರಾಠಿಯವು, ಹಿಂದಿಯವು. ಭಾಷೆ ಬೇರೆಯಾದರೂ ಸಂಗತಿ ಒಂದೇ ಆಗಿತ್ತು: ಹುಡುಗಿ ಬೇಡವೆಂದಿದ್ದಾಳೆ, ಹುಡುಗ ಅದನ್ನು ಕೇಳಿಸಿಕೊಂಡಿಲ್ಲ.

"ಸರ್, ಈ ಹಾಡಿನ್ಯಾಗ ಆಕಿ ಒಲ್ಲೆ ಅಂದಾಳಲ್ರಿ," ಎಂದೆ.

"ಹೌದ್ರಿ ಮೇಡಮ್ಮರ. ಮೂರ ಕಾರ್ಡ್‌ನ್ಯಾಗ ಮುಗದ ಹೋಗತೈತಿ."

"ಒಲ್ಲೆ ಅಂದ ಮ್ಯಾಲೂ ಬೆನ್ನ ಹತ್ತೂದು ತಪ್ಪಲ್ರೀ?"

ಸರ್ ಪ್ರಾಮಾಣಿಕವಾಗಿ ಯೋಚಿಸಿದರು. "ಹುಡುಗಿ ಹೂಂ ಅನ್ನೂ ಹಾಡೂ ಒಂದೈತ್ರಿ. ಆದ್ರ ಅದರಾಗ ಎಫ್ ಬರತೈತಿ. ಎಫ್ ಹಿಡಿಯಾಕ ನಿಮಗ ಇನ್ನೂ ಭಾಳ ದಿನಾ ಬೇಕು."

ಎಫ್ ಎಂದರೆ ತೋರುಬೆರಳೊಂದರಿಂದಲೇ ತಂತಿಗಳನ್ನೆಲ್ಲ ಅಡ್ಡಡ್ಡ ಒತ್ತಿ ಹಿಡಿಯಬೇಕಾದ ಕಾರ್ಡ್. ಅಂದರೆ ಹೆಣ್ಣಿನ ಸಮ್ಮತಿ ನನ್ನ ಬೆರಳಿನ ಶಕ್ತಿಗೆ ಮೀರಿದ್ದು. ಉಳಿದ ಹಾಡುಗಳನ್ನು ನುಡಿಸಲು ಬಂದರೂ ಹಾಡಲು ಬರುತ್ತಿರಲಿಲ್ಲ. ನನ್ನ ದನಿ ಅವುಗಳಿಗಿಂತ ಒಂದೋ ಮೇಲಿತ್ತು, ಇಲ್ಲವೇ ಕೆಳಗಿತ್ತು. ಕ್ಯಾಪೋ ಎಂಬ ಕ್ಲಿಪ್ಪನ್ನು ಗಿಟಾರಿನ ಕತ್ತಿಗೆ ಹಚ್ಚಿದರೆ ಪಟ್ಟಿ ಏರುತ್ತದಂತಲ್ಲ ಎಂದು ಕೇಳಿದೆ. "ಅದು ಲಬಾಡಿ ಆಗತೈತ್ರಿ," ಎಂದರು ಸರ್. ಲಬಾಡಿ ಎಂದರೆ ಮೋಸ. "ನೀವು ಬರೇ ಬಾರಸ್ರಿ. ಹಾಡೂದ ಬಿಡ್ರಿ."

ಹೀಗಿರುವಾಗ ಕಾಕುವಿನ ಫೋನ್ ಬಂತು. ಅವಳ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹೆಣ್ಣು ಕೂಸು ಹುಟ್ಟಿತ್ತು. ಸುದ್ದಿ ಕೇಳಿದವರಲ್ಲಿ ಕೆಲವರು "ಇರ್ಲಿ ಬಿಡವಾ" ಎಂದಿದ್ದರು. ಕಾಕಾ ಅದನ್ನು ಕೇಳಿ ತೊಟ್ಟಿಲ ಕಾರ್ಯಕ್ರಮದ ಪೆಂಡಾಲನ್ನು ಅರ್ಧಕ್ಕಿಳಿಸಿದ್ದರು. ನಾನು ಫೋನಿನಲ್ಲೇ ಆ ಅರ್ಧದ ಅರ್ಥವನ್ನು ವಿವರಿಸಿದ್ದರಿಂದ ಅದು ಮತ್ತೆ ಪೂರ್ತಿಯಾಗಿತ್ತು. ಕಾಕುವಿನ ತಾಪತ್ರಯ ಬೇರೆ.

"ತೊಟ್ಟಲದಾಗ ಜೋಗಳಾ ಹಾಡಾವ್ರು ಯಾರು? ಅಜ್ಜಿ. ಅಜ್ಜಿ ಅಂದ್ರ ನಾನು," ಎಂದಳು. ದನಿ ಉಸುಕಿನ ಮೇಲೆ ಎಳೆದಂತಿತ್ತು. "ಪೇಟಿ ಮಾಸ್ತರ ಬಂದ ಕುಂತ್ರಂದ್ರ ನಾ ಒದರಬೇಕು. ಒದರಿದ್ರ ದನಿ ಹೋಗತೈತಿ ಅಂದಾನ ಡಾಕ್ಟರ. ನಿಮ್ಮ ಕಾಕಾ ಪೆನ್‌ಡ್ರೈವ್ ತರ್ತೀನಿ ಅನ್ನಾಕತ್ತಾರ. ನನ್ನ ಮೊಮ್ಮಗಳಿಗಿ ಪೆನ್‌ಡ್ರೈವ್ ಜೋಗಳಾ ಹಾಡಬೇಕೇನ ತಂಗಿ?"

"ಬಾಜಾ ಏನೂ ಇಲ್ಲದ ಹಾಡ್ರಿ ಕಾಕು."

"ಈ ಗೊಗ್ಗರ ದನಿ ಬರೇ ಕೇಳಾಕ ಯಾರ ಕುಂದರ್ತಾರ? ಬಾಜೂಕ ಏನರೆ ನುಡೀಬೇಕವಾ. ನಿನ್ನ ಗಿಟಾರ ತಗೊಂಡ ಬಾ."

ಜೋಗುಳ ಎರಡೇ ಕಾರ್ಡುಗಳ ಹಾಡು. ಹುಡುಗಿಯನ್ನು ಯಾರೂ ಬೆನ್ನಟ್ಟುವುದಿಲ್ಲ. ಸರ್ ಅದಕ್ಕೆ ಡಿ ಮತ್ತು ಎ ಎಂಬ ಕಾರ್ಡುಗಳನ್ನು ಬರೆದುಕೊಟ್ಟು, ಇದಕ್ಕಿಂತ ಸುಲಭ ಹಾಡು ಜಗತ್ತಿನಲ್ಲಿಲ್ಲ ಎಂದು ಭರವಸೆ ಕೊಟ್ಟರು. ಕಾರ್ಯಕ್ರಮದ ಹಿಂದಿನ ದಿನ ಬೆಳಿಗ್ಗೆ ಗಿಟಾರನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆ.

ಡಿ ಹಿಡಿದೆ. ಕಾಕು ಕೆಳಗಿನಿಂದ ಶುರುಮಾಡಿದಳು; ಎರಡನೆಯ ಸಾಲಿಗೆ ದನಿ ನೆಲ ಮುಟ್ಟಿ ನಿಂತುಹೋಯಿತು. ಮೇಲೆತ್ತಿಕೊಂಡು ಮತ್ತೆ ಶುರುಮಾಡಿದಳು. ಕತ್ತಿನ ನರಗಳು ಉಬ್ಬಿದವು, ಕಣ್ಣಲ್ಲಿ ನೀರು ಬಂತು, ಒಳಕೋಣೆಯಲ್ಲಿ ಮಲಗಿದ್ದ ಕೂಸು ಚೀರಿ ಎದ್ದಿತು. ಗಿಟಾರಿನ ಡಿ ಪೇಟಿಯ ಕಾಳಿ ಏಕದ ಪಕ್ಕದ ಮನೆ ಎಂಬುದು ಆಗ ನನಗೆ ಹೊಳೆಯಿತು. ನನ್ನ ಸುಲಭವೂ ಮಾಸ್ತರರ ಪಟ್ಟಿಯೂ ಒಂದೇ ಗೋಡೆ ಹಂಚಿಕೊಂಡಿದ್ದವು.

"ನೋಡ, ಕೂಸಿಗೂ ತಿಳೀತು," ಎಂದು ಕಾಕು ಎದ್ದಳು. "ತರ್ಲಿ ಬಿಡ ಆ ಪೆನ್‌ಡ್ರೈವ್."

ಅಡುಗೆಮನೆಯಲ್ಲಿ ಅವಳು ಮರುದಿನದ ಅಡುಗೆಗೆ ಅಕ್ಕಿ ಆರಿಸುತ್ತ ಕುಳಿತಳು. ನಾನು ಎದುರಿಗೆ ಕುಳಿತು ತಂತಿಗಳನ್ನು ಸರಿಹೊಂದಿಸಲು ಫೋನಿನ ಟ್ಯೂನರ್ ತೆರೆದಿಟ್ಟಿದ್ದೆ. ಕಲ್ಲು ಹೆಕ್ಕುತ್ತ ಕಾಕು ಅದೇ ಜೋಗುಳವನ್ನು ತನ್ನಷ್ಟಕ್ಕೆ ಗುನುಗತೊಡಗಿದಳು. ಕತ್ತಿನ ನರ ಉಬ್ಬಿರಲಿಲ್ಲ. ದನಿ ಗೊಗ್ಗರೂ ಆಗಿರಲಿಲ್ಲ. ಸಾಲು ಮುಗಿದು ನೆಲೆಗೆ ಬಂದಾಗಲೆಲ್ಲ ಟ್ಯೂನರ್ ಒಂದೇ ಅಕ್ಷರ ತೋರಿಸುತ್ತಿತ್ತು: ಜಿ ಶಾರ್ಪ್. ಪೇಟಿಯ ಭಾಷೆಯಲ್ಲಿ ನಾಲ್ಕನೆಯ ಕರಿ ಮನೆ.

"ಕಾಕು, ನಿಮ್ಮ ದನಿ ಏನೂ ಕೆಟ್ಟಿಲ್ಲ. ನಿಮ್ಮ ಪಟ್ಟಿ ಕಾಳಿ ಚಾರ ಐತಿ."

ಅವಳು ಅಕ್ಕಿಯಿಂದ ಕೈ ತೆಗೆದಳು. "ಕಾಳಿ ಏಕ ಗೊತ್ತೈತಿ. ಮಾಸ್ತರ ದಿನಾ ಅಂತಿರ್ತಾರ. ಬ್ಯಾರೇವೂ ಇರ್ತಾವೇನ?"

ಮದುವೆಯಾಗಿ ಬಂದಾಗಿನಿಂದ ಹಾಡುತ್ತಿದ್ದ ಹೆಂಗಸಿಗೆ ಬೇರೆ ಪಟ್ಟಿಗಳಿವೆ ಎಂದು ಯಾರೂ ಹೇಳಿರಲಿಲ್ಲ. ಇದನ್ನು ನಾನು ಅನ್ಯಾಯ ಎಂದೇ ಕರೆಯುತ್ತೇನೆ. ಬೇರೆ ಹೆಸರು ಹುಡುಕಿ ನೋಡಿದೆ, ಸಿಗಲಿಲ್ಲ.

ಕಾಕಾ ಆ ಹೊತ್ತಿಗೆ ಬೀಗರನ್ನು ಕರೆಯಲು ನಿಪ್ಪಾಣಿಗೆ ಹೋಗಿದ್ದರು. ಅಲ್ಲಿ ಕ್ರಿಕೆಟ್ ಬ್ಯಾಟು, ಬಹುಮಾನದ ಕಪ್ಪುಗಳ ಜೊತೆ ಗಿಟಾರ್ ಸಾಮಾನನ್ನೂ ಮಾರುವ ಅಂಗಡಿಯಿದೆ. ಫೋನ್ ಮಾಡಿ, ಗಿಟಾರಿಗೆ ಕಾಳಿ ಚಾರ ಪಟ್ಟಿ ಬರಬೇಕು, ಅದಕ್ಕೆ ಹಚ್ಚುವ ಕ್ಲಿಪ್ ತನ್ನಿ ಎಂದು ಬಿಡಿಸಿ ಹೇಳಿದೆ. ಸಂಜೆಯ ಊಟಕ್ಕೆ, ಅಂದರೆ ನಮ್ಮ ಮನೆಯಲ್ಲಿ ಹೊತ್ತು ಮುಳುಗುವ ಮುಂಚೆ, ಕಾಕಾ ಬಂದರು. ಚೀಲದಿಂದ ಗಿಟಾರನ್ನು ಹೆಗಲಿಗೆ ತೂಗುಹಾಕಿಕೊಳ್ಳುವ ಉದ್ದನೆಯ ಪಟ್ಟಿಗಳನ್ನು ತೆಗೆದಿಟ್ಟರು. ಬಣ್ಣ ಕಪ್ಪು. ಸಂಖ್ಯೆ ನಾಲ್ಕು.

"ಇದೇನ್ರಿ ಕಾಕಾ?"

"ಕಾಳಿ ಪಟ್ಟಿ. ಚಾರ." ಕಾಕಾ ಕೈತೊಳೆಯಲು ಹೊರಟಿದ್ದವರು ನಿಂತರು. "ಎರಡ ಕರೀವು, ಎರಡ ಕೆಂಪೂವು ಒಯ್ರಿ ಅಂದಾ ಅಂಗಡ್ಯಾಂವಾ. ನಾ ಒಪ್ಪಲಿಲ್ಲ. ನಮ್ಮ ಹುಡುಗಿ ಕಾಳಿನಽ ಬೇಕಂತ ಹೇಳ್ಯಾಳ ಅಂತ ಜಗಳಾ ಮಾಡಿ ತಂದೀನಿ."

"ಕ್ಲಿಪ್ಪು?"

"ಎಲ್ಲಾದಕ್ಕೂ ಕ್ಲಿಪ್ ಐತಿ ನೋಡಲ್ಲಿ. ಎರಡೂ ತುದೀಗಿ."

ಇತ್ತು. ನಾನು ಕಾಕಾನ ಶ್ರದ್ಧೆಯಲ್ಲಿ ಯಾವ ತಪ್ಪನ್ನೂ ಕಾಣಲಿಲ್ಲ. ಒಂದು ಪಟ್ಟಿ ಗಿಟಾರಿಗಾಯಿತು. ಇನ್ನೊಂದು ಈಗ ದ್ರಾಕ್ಷಿಗೆ ಔಷಧಿ ಹೊಡೆಯುವ ಅವರ ಪಂಪಿಗಿದೆ, ಗಟ್ಟಿಯಾಗಿದೆಯಂತೆ. ಆದರೆ ಮರುದಿನ ಬೆಳಿಗ್ಗೆ ತೊಟ್ಟಿಲು, ಕ್ಲಿಪ್ಪಿಲ್ಲ, ಮೇಜಿನ ಮೇಲೆ ಕಾಕಾ ಅದೇ ಚೀಲದಿಂದ ತೆಗೆದಿಟ್ಟ ಪೆನ್‌ಡ್ರೈವ್ ಇದೆ.

ಆಗ ಉಳಿದ ದಾರಿ ಒಂದೇ. ಕಾಳಿ ಚಾರಕ್ಕೆ ಅರ್ಧ ಹೆಜ್ಜೆ ಕೆಳಗೆ ಪೇಟಿಯ ಐದನೆಯ ಬಿಳಿ ಮನೆ, ಪಾಂಢರಿ ಪಾಚ ಇದೆ. ಗಿಟಾರಿನಲ್ಲಿ ಅದು ಜಿ. ಹೊಸಬರು ಮೊದಲು ಕಲಿಯುವ ಕಾರ್ಡುಗಳಲ್ಲಿ ಅದೂ ಒಂದು. ಡಿ ಮತ್ತು ಎ ತೆಗೆದುಹಾಕಿ, ಜಿ ಮತ್ತು ಡಿ ಹಿಡಿದು ನುಡಿಸಿದೆ. ಅಷ್ಟೇ ಸುಲಭ. ಬರೆದುಕೊಡುವಾಗ ಸರ್‌ಗೂ ಅಷ್ಟೇ ಸುಲಭವಾಗಿರುತ್ತಿತ್ತು. ಹಾಡುವವರು ಯಾರು ಎಂದು ಅವರು ಕೇಳಬೇಕಿತ್ತು.

ಕಾಕು ಒಂದು ಸಾಲು ಹಾಡಿದಳು. "ಇದು ನಡೀತೈತಿ," ಎಂದಳು. ಮತ್ತೊಂದು ಸಾಲು ಹಾಡಿ, "ನಡೀತೈತಿ ಅಲ್ಲ, ಓಡತೈತಿ," ಎಂದಳು. ಅರ್ಧ ಹೆಜ್ಜೆ ಹೊಂದಿಕೊಂಡವಳು ಮತ್ತೆ ಹೆಂಗಸೇ. ಅದನ್ನೂ ಇಲ್ಲಿ ಬರೆದಿಡುತ್ತೇನೆ.

ಮರುದಿನ ಪೇಟಿ ಮಾಸ್ತರರು ಪೇಟಿಯೊಂದಿಗೇ ಬಂದರು. ತೊಟ್ಟಿಲ ಪಕ್ಕದಲ್ಲಿ ಕುಳಿತು, ಯಾರನ್ನೂ ಕೇಳದೆ ಮೊದಲ ಕರಿ ಮನೆಯನ್ನು ಒತ್ತಿದರು.

"ಮಾಸ್ತರ, ಇವತ್ತ ಆ ಪಟ್ಟಿ ಬ್ಯಾಡ್ರಿ," ಎಂದೆ.

"ಎಲ್ಲಾರೂ ಇದರಾಗನಽ ಹಾಡ್ತಾರವಾ."

"ಎಲ್ಲಾರೂ ಅಂದ್ರ ಯಾರ್ರಿ?"

ಅವರು ಪೆಂಡಾಲಿನ ಸುತ್ತ ನೋಡಿದರು. ಎಲ್ಲಾರೂ ಉಣ್ಣುತ್ತಿದ್ದರು. "ನಾನು," ಎಂದರು.

"ಒಂದ ಜೋಗಳಾ ಆಗೂಮಟಾ ಚಹಾ ಕುಡೀರಿ ಮಾಸ್ತರ," ಎಂದು ಕಾಕು ಕಪ್ಪನ್ನು ಪೇಟಿಯ ಮೇಲೆಯೇ ಇಟ್ಟಳು. ಬಿಸಿ ಕಪ್ಪು ಮೇಲಿರುವಾಗ ಪೇಟಿ ನುಡಿಸಲಾಗುವುದಿಲ್ಲ.

ಅವಳು ಹಾಡಿದಳು. ನಾನು ಜಿಯಿಂದ ಡಿಗೆ ಹೋಗುವಾಗಲೆಲ್ಲ ಬೆರಳು ಹುಡುಕುತ್ತಿದ್ದೆ. ಕಾಕು ಆ ಸಂದಿಯಲ್ಲಿ ತೊಟ್ಟಿಲನ್ನು ಒಮ್ಮೆ ತೂಗಿ ಕಾಯುತ್ತಿದ್ದಳು. ಜೋಗುಳ ಬಹಳ ನಿಧಾನವಾಯಿತು. ಕೂಸು ಮಾತ್ರ ಕೊನೆಯವರೆಗೂ ಎಚ್ಚರವಾಗಿತ್ತು. ಹಿಂದಿನ ಸಾಲಿನವರು ಎಲೆಯ ಮುಂದೆ ಕೈ ನಿಲ್ಲಿಸಿ ಕೇಳಿದರು. ಕಾಕು ಒದರಿರಲಿಲ್ಲ.

ಮಂಡಳಿಯ ಒಬ್ಬ ಹೆಂಗಸು ಬಂದು ಕಾಕುವಿನ ಗಲ್ಲ ಹಿಡಿದಳು. "ಈ ದನಿ ಇಷ್ಟ ದಿನಾ ಎಲ್ಲಿಟ್ಟಿದ್ದಿ ಬೇ?"

"ಇಲ್ಲೇ ಇತ್ತ. ಎಲ್ಲಿ ಹೋಗತೈತಿ," ಎಂದಳು ಕಾಕು, ಮತ್ತು ನೀರು ಬಡಿಸಲು ಹೋದಳು.

ಇದು ಇಲ್ಲಿಗೆ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ. ಮುಂದಿನ ಚತುರ್ದಶಿಯ ಭಜನೆಗೆ ನಾನೂ ಹೋಗಿದ್ದೆ. ಕಾಕು ಎಲ್ಲರ ಮುಂದೆ, ಕಾಳಿ ಚಾರ ಹಚ್ಚುತ್ತೀರಾ ಎಂದು ಮಾಸ್ತರರನ್ನು ಕೇಳಿದಳು. ಅವರು ನಾಲ್ಕನೆಯ ಕರಿ ಮನೆಯ ಮೇಲೆ ಬೆರಳಿಟ್ಟು, ತೆಗೆದು, "ಆ ಪಟ್ಟಿಯಾಗ ನನಗ ಬೆರಳ ಕುಂದರಂಗಿಲ್ಲವಾ," ಎಂದರು. ಇಷ್ಟು ವರ್ಷಗಳ ಕಾರಣ ಇದು. ಅವರಿಗೆ ಕಾಳಿ ಏಕ ಸುಲಭ, ನನ್ನ ಸರ್‌ಗೆ ಡಿ ಸುಲಭ. ಸುಲಭ ಎಂಬುದನ್ನು ಎಲ್ಲರೂ ಬೆರಳಿನಿಂದ ಅಳೆಯುತ್ತಾರೆ. ಗಂಟಲನ್ನು ಯಾರೂ ಕೇಳುವುದಿಲ್ಲ. ಭಜನೆ ಕಾಳಿ ಏಕದಲ್ಲೇ ನಡೆಯಿತು. ಕಾಕು ಹಿಂದಿನ ಸಾಲಿಗೆ ಹೋಗಿ, ಬಾಯಿ ಮುಚ್ಚಿ, ತಾಳ ಹಾಕುತ್ತ ಕುಳಿತಳು. ಡಾಕ್ಟರ ಮಾತನ್ನು ಪಾಲಿಸಲು ಬಸದಿಯಲ್ಲಿ ಅವಳಿಗೆ ಇರುವ ದಾರಿ ಅದೊಂದೇ.

ಆದ್ದರಿಂದ ಸಂಬಂಧಪಟ್ಟವರಿಗೆ. ಸುಲಭ ಹಾಡುಗಳ ಪುಸ್ತಕ ಅಚ್ಚು ಹಾಕಿಸುವವರೇ, ಗಿಟಾರ್ ತರಗತಿ ನಡೆಸುವವರೇ: ಪ್ರತಿ ಹಾಡಿನ ತಲೆಯ ಮೇಲೆ ಅದು ಯಾರ ದನಿಗೆ ಸುಲಭವೆಂದು ಬರೆಯಿರಿ, ಹೆಂಗಸರ ಪಟ್ಟಿಯ ಕಾರ್ಡುಗಳನ್ನು ಅದೇ ಪುಟದಲ್ಲಿ, ಅದೇ ಗಾತ್ರದ ಅಕ್ಷರಗಳಲ್ಲಿ ಕೊಡಿ. ಮಾಸ್ತರರೇ, ಮಂಡಳಿಯ ಹಿರಿಯರೇ: ಕಾಳಿ ಚಾರ ಕಷ್ಟವಾದರೆ ಪಾಂಢರಿ ಪಾಚ ಸಾಕು. ಅದರಲ್ಲಿ ಒಂದು ಭಜನೆಯನ್ನು ಬರುವ ಚತುರ್ದಶಿಯೊಳಗೆ ಮನೆಯಲ್ಲಿ ಕೂತು ಕಲಿತು ಬನ್ನಿ, ಮತ್ತು ಪೇಟಿ ತೆರೆಯುವ ಮೊದಲು ಹಾಡುವವಳತ್ತ ತಿರುಗಿ, "ಯಾವ ಪಟ್ಟಿ ಹಚ್ಚಲಿ?" ಎಂದು ಕೇಳಿ.