ಜೋಡಿ ಬಳೆ

ಹೊನ್ನಾವರದ ಹೈಸ್ಕೂಲಿನಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತೇನೆ. ನನ್ನ ನಾಲಿಗೆ ಸ್ವಲ್ಪ ಹರಿತ, ಅದು ನನಗೂ ಗೊತ್ತು. ಕೆಲವು ವರ್ಷಗಳ ಹಿಂದೆ ಹತ್ತಿರದ ಕಡಲತೀರದ ಊರು ಮಂಕಿಯಿಂದ ಒಬ್ಬ ಹುಡುಗಿ ಬಂದು ಒಂಬತ್ತನೇ ಕ್ಲಾಸಿಗೆ ಸೇರಿದಳು. ಮಾತಿಗೆ ನಿಂತರೆ ಅರಳು ಹುರಿದ ಹಾಗೆ. ಒಮ್ಮೆ ಕೇಳಿದ ಪಾಠವನ್ನು ಅಕ್ಷರ ಬಿಡದೆ ಒಪ್ಪಿಸುತ್ತಿದ್ದಳು. ಆದರೆ ಕರ್ನಾಟಕದ ನಕ್ಷೆ ಬರೆ ಎಂದರೆ ಅರಬ್ಬೀ ಸಮುದ್ರವನ್ನು ಬಲಗಡೆ ಇಟ್ಟಳು.

“ಸಮುದ್ರನ ಕೋಲಾರಕ್ಕೆ ಕಳ್ಸಿದ್ಯಲ್ಲೇ!” ಎಂದೆ.

ಕ್ಲಾಸೆಲ್ಲ ನಕ್ಕಿತು. ಅವಳೂ ನಕ್ಕಳು. ನಕ್ಕಿದ್ದು ತನ್ನನ್ನು ನೋಡಿ ಎಂದು ಅವಳಿಗೆ ತಿಳಿಯಲೇ ಇಲ್ಲ. ನಾನದನ್ನು ಉದ್ಧಟತನ ಎಂದುಕೊಂಡೆ. ಹುಟ್ಟಿದಾಗಿನಿಂದ ಅಲೆಯ ಸದ್ದು ಕೇಳಿದವಳಿಗೆ ಪಡುವಣ ಯಾವುದೆಂದು ಗೊತ್ತಿಲ್ಲ ಎಂದರೆ ಕರಾವಳಿಯವರು ಯಾರು ನಂಬುತ್ತಾರೆ?

ಅವಳ ಬಲಗೈಯಲ್ಲಿ ಒಂದೇ ಒಂದು ಕೆಂಪು ಪ್ಲಾಸ್ಟಿಕ್ ಬಳೆ ಇರುತ್ತಿತ್ತು. ಎಡಗೈ ಬೋಳು. ಹೆಣ್ಣುಮಕ್ಕಳ ಕೈ ಬೋಳಾಗಿ ಕಂಡರೆ ನಮ್ಮ ಕಡೆಯ ಹಿರಿಯರು ಸುಮ್ಮನಿರುವುದಿಲ್ಲ. ನನಗೂ ಅದೇ ಬುದ್ಧಿ. ಪೇಟೆಯಲ್ಲಿ ಹುಡುಕಿ ಅಂಥದ್ದೇ ಬಳೆ ತಂದು ನಾನೇ ತೊಡಿಸಿದೆ.

“ಒಂದೇ ಸಾಕು ಟೀಚರೇ. ಒಂದಿದ್ರೆ ಗೊತ್ತಾಗ್ತದೆ,” ಎಂದಳು.

“ಎಂತ ಗೊತ್ತಾಗೂದು? ಬೋಳು ಕೈ ಚಂದ ಕಾಣೂದಿಲ್ಲ. ಇದನ್ನ ತೆಗೀಬಾರ್ದು, ಆತಾ?”

“ಆತು ಟೀಚರೇ.”

ಎಂಥ ಒಳ್ಳೆಯ ಟೀಚರು ನಾನು ಎಂದು ಅವತ್ತು ನನಗೇ ಅನ್ನಿಸಿತ್ತು.

ಮರುದಿನದಿಂದ ಅವಳು ತಡವಾಗಿ ಬರತೊಡಗಿದಳು. ಬಸ್‌ಸ್ಟ್ಯಾಂಡಿನಿಂದ ಶಾಲೆಗೆ ಹತ್ತು ನಿಮಿಷದ ದಾರಿ, ಎರಡೇ ತಿರುವು. ಕೇಳಿದರೆ “ದಾರಿ ತಪ್ತು” ಎನ್ನುತ್ತಿದ್ದಳು. ದಿನಾ ಅದೇ ನೆಪ ಎಂದು ನಾನು ಕ್ಲಾಸಿನ ಹೊರಗೆ ನಿಲ್ಲಿಸಿದೆ. ಒಂದು ಸಂಜೆ ಬಸ್ಸಿಗೆ ಹೋಗಬೇಕಾದವಳು ಶರಾವತಿ ಸೇತುವೆಯ ಮೇಲೆ, ಲಾರಿಗಳ ನಡುವೆ ಅಳುತ್ತ ನಿಂತಿದ್ದಳಂತೆ. ಯಾರೋ ಮನೆಗೆ ಮುಟ್ಟಿಸಿದರು. ಅವಳ ಅಪ್ಪ ಹೆದರಿ ಶಾಲೆ ಬಿಡಿಸಿದರು. ನಾನು ಒಂದು ಸಲವಾದರೂ ಅವರ ಮನೆಗೆ ಹೋಗಿ ವಿಚಾರಿಸಲಿಲ್ಲ.

ಕಳೆದ ವರ್ಷ ಕುಮಟಾದಲ್ಲಿ ಶಿಕ್ಷಕರಿಗೆ ಒಂದು ತರಬೇತಿ ಇತ್ತು. ಊಟ ಮುಗಿಸಿ ತೂಕಡಿಸುತ್ತಿದ್ದೆ. ಕೆಲವು ಮಕ್ಕಳಿಗೆ ಮಾತು, ಓದು ಚುರುಕು; ದಿಕ್ಕು, ನಕ್ಷೆ, ಎದುರಿನವರ ಮುಖಭಾವ ಮಾತ್ರ ತಿಳಿಯುವುದಿಲ್ಲ, ಅದಕ್ಕೆ ನಾನ್‌ವರ್ಬಲ್ ಲರ್ನಿಂಗ್ ಡಿಸೆಬಿಲಿಟಿ ಎನ್ನುತ್ತಾರೆ ಎಂದರು ತರಬೇತಿಗೆ ಬಂದ ಮೇಡಂ. ಅಂಥ ಮಕ್ಕಳು ನಾವು ಹೇಳಿದ ಮಾತನ್ನು ಹೇಳಿದ ಹಾಗೇ ಹಿಡಿಯುತ್ತಾರಂತೆ. ದಾರಿಯನ್ನು ಕೈಮಾಡಿ ತೋರಿಸಿದರೆ ಸಾಲದು, ಒಂದೊಂದೇ ತಿರುವನ್ನು ಬಾಯಲ್ಲಿ ಹೇಳಿಕೊಡಿ, ಎಡ ಬಲ ತಿಳಿಯಲು ಒಂದು ಕೈಗೆ ಏನಾದರೂ ಗುರುತು ಇರಲಿ ಎಂದರು.

ನಿದ್ದೆ ಹಾರಿಹೋಯಿತು.

ಆ ಭಾನುವಾರವೇ ಮಂಕಿಗೆ ಹೋದೆ. ಅವಳ ಅಮ್ಮ ಚಾ ಕೊಟ್ಟರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು, ಅವರು ಬೈಯಲಿಲ್ಲ.

“ಹೈಸ್ಕೂಲಿಗೆ ಹೋಗ್ವಾಗ ಆ ಬಳೆ ನಾನೇ ಹಾಕಿದ್ದೆ ಟೀಚರೇ. ಬಳೆ ಇದ್ದ ಕೈ ಬದಿಗೆ ತಿರ್ಗು, ಆಮೇಲೆ ಬೋಳು ಕೈ ಬದಿಗೆ ತಿರ್ಗು ಅಂತ ಬಾಯಿಪಾಠ ಮಾಡ್ಸಿದ್ದೆ. ಎರಡೂ ಕೈಗೆ ಬಳೆ ಬಂತಲ್ಲ, ಅವಳಿಗೆ ದಾರಿಯೇ ತಿಳೀಲಿಲ್ಲ. ತೆಗಿಯೇ ಅಂದ್ರೆ, ಟೀಚರು ತೆಗೀಬಾರ್ದು ಅಂದಾರೆ ಅಂತ ಅಳೂಕೆ ಶುರು ಮಾಡ್ತಿತ್ತು.”

ಅಷ್ಟರಲ್ಲಿ ಅವಳು ಒಳಗಿನಿಂದ ಬಂದಳು. ಎತ್ತರ ಬೆಳೆದಿದ್ದಳು. ನನ್ನನ್ನು ಕಂಡ ಖುಷಿಗೆ, ನಾನು ಕಲಿಸಿದ್ದ ಪಾಠವೊಂದನ್ನು ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿದಳು. ಒಂದು ಅಕ್ಷರ ತಪ್ಪಿರಲಿಲ್ಲ. ಎರಡೂ ಕೈಯಲ್ಲಿ ಆ ಕೆಂಪು ಬಳೆಗಳು ಬಿಗಿಯಾಗಿ, ಚರ್ಮದ ಮೇಲೆ ಗೆರೆ ಬಿದ್ದಿತ್ತು.

ಕ್ಷಮೆ ಕೇಳಲು ಹೋದವಳು ಅವಳ ಎಡಗೈ ಹಿಡಿದುಕೊಂಡು ಅಳುತ್ತ ಕೂತೆ.

ನಾನೇಕೆ ಅಳುತ್ತಿದ್ದೇನೆಂದು ಅವಳಿಗೆ ತಿಳಿಯಲಿಲ್ಲ. ಮೆಲ್ಲಗೆ ಕೇಳಿದಳು:

“ಈಗ ತೆಗಿಬೌದಾ ಟೀಚರೇ?”