ಪತ್ತನಾಜೆಯಂದು ಬೇಡವೆಂದ ಮುಂಗಡ

ಲೆಕ್ಕ ನನಗೆ ಚೆನ್ನಾಗಿ ಬರುತ್ತದೆ ಎಂಬ ಅಹಂಕಾರ ನನಗೆ ಮೊದಲಿನಿಂದಲೂ ಇತ್ತು. ಹಿರಿಯಡ್ಕದಲ್ಲಿ ಇಪ್ಪತ್ತೆರಡು ವರ್ಷ ಬ್ಯಾಂಕೊಂದರ ಪಿಗ್ಮಿ ಏಜೆಂಟನಾಗಿ ಸೈಕಲ್ ತುಳಿದವನು ನಾನು, ಸಿರಿಲ್. ಅಂಗಡಿ, ಮನೆ ಎಂದು ತಿರುಗಿ ದಿನಕ್ಕೆ ಎಂಟಾಣೆಯೋ ಒಂದು ರೂಪಾಯಿಯೋ ಪಡೆದು, ರಶೀದಿ ಹರಿದು ಕೊಟ್ಟು, ಸಂಜೆ ಬ್ಯಾಂಕಿಗೆ ಕಟ್ಟುವುದು ಕೆಲಸ. ನೂರು ರೂಪಾಯಿ ಕಟ್ಟಿದರೆ ನನಗೆ ಮೂರು ರೂಪಾಯಿ ಕಮಿಷನ್. ಉಪದೇಶ ಮಾತ್ರ ಪುಕ್ಕಟೆ, ಯಾರೂ ಕೇಳದಿದ್ದರೂ ಕೊಡುತ್ತಿದ್ದೆ.

ಆ ಉಪದೇಶವನ್ನು ನಂಬಿದ ಒಬ್ಬ ಮನುಷ್ಯನ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಅವರು ಶೀನ ಸೇರಿಗಾರರು, ಯಕ್ಷಗಾನದ ಸ್ತ್ರೀವೇಷಧಾರಿ. ಹದಿನೆಂಟು ವರ್ಷ ಒಂದೇ ಮೇಳದಲ್ಲಿ ಇದ್ದವರು. ಅಜೆಕಾರಿನಲ್ಲಿ ಅವರ ವೇಷ ನೋಡಿದ ಹೆಂಗಸೊಬ್ಬಳು ಮರುದಿನ ಅವರನ್ನು ಲುಂಗಿಯಲ್ಲಿ ಕಂಡು, ಇವರು ನಿನ್ನೆ ರಾತ್ರಿ ಕುಣಿದ ಹೆಂಗಸಿನ ಅಣ್ಣನಿರಬೇಕು ಎಂದಳಂತೆ. ಈ ಕತೆಯನ್ನು ಅವರೇ ನಗುತ್ತ ಹೇಳುತ್ತಿದ್ದರು.

ಮೇಳದ ಸಂಪಾದನೆಯ ರೀತಿ ಬೇರೆ. ದೀಪಾವಳಿ ಕಳೆದ ಮೇಲೆ ತಿರುಗಾಟ ಶುರುವಾದರೆ ಮೇ ತಿಂಗಳ ಕೊನೆಯಲ್ಲಿ ಬರುವ ಪತ್ತನಾಜೆಯವರೆಗೆ. ಆ ದಿನ ಗೆಜ್ಜೆ ಬಿಚ್ಚಿದರೆ ಮಳೆಗಾಲ ಪೂರ್ತಿ ಕೆಲಸವಿಲ್ಲ. ಹೊಟ್ಟೆಗೆ ಮಾತ್ರ ರಜೆ ಇಲ್ಲವಲ್ಲ. ಹಾಗಾಗಿ ಗೆಜ್ಜೆ ಬಿಚ್ಚಿದ ಕೈಯಲ್ಲೇ ಯಜಮಾನರಿಂದ ಮುಂದಿನ ವರ್ಷದ ಮುಂಗಡ ಪಡೆಯುತ್ತಿದ್ದರು. ಸೇರಿಗಾರರ ಮುಂಗಡ ಆರುನೂರು ರೂಪಾಯಿ. ಅದನ್ನು ಮಳೆಗಾಲದಲ್ಲಿ ತಿಂದು ಮುಗಿಸಿ, ತಿರುಗಾಟದಲ್ಲಿ ಕುಣಿದು ತೀರಿಸಿ, ಮತ್ತೆ ಪತ್ತನಾಜೆಗೆ ಕೈ ಒಡ್ಡಬೇಕು. ಹದಿನೆಂಟು ವರ್ಷವೂ ಇದೇ.

ಇದನ್ನು ಕೇಳಿ ನನಗೆ ಸಿಟ್ಟೇ ಬಂದಿತ್ತು. ಇಷ್ಟು ದೊಡ್ಡ ಕಲಾವಿದ ವರ್ಷವಿಡೀ ಇನ್ನೊಬ್ಬರ ಋಣದಲ್ಲಿರುವುದೆಂದರೇನು? ೧೯೭೩ರ ಜೂನಿನಲ್ಲಿ ಅವರ ಜಗಲಿಯಲ್ಲಿ ಕುಳಿತು ಲೆಕ್ಕ ಬರೆದು ತೋರಿಸಿದೆ. ದಿನಕ್ಕೆ ಒಂದು ರೂಪಾಯಿಯಂತೆ ಎರಡು ವರ್ಷ ಕಟ್ಟಿದರೆ ಏಳುನೂರ ಮೂವತ್ತು. ಒಂದು ಮಳೆಗಾಲವನ್ನು ಸ್ವಂತ ದುಡ್ಡಿನಲ್ಲಿ ದಾಟಿಬಿಟ್ಟರೆ ಆಮೇಲೆ ಮುಂಗಡದ ಗೊಡವೆಯೇ ಇಲ್ಲ, ಹನಿಗೂಡಿದರೆ ಹಳ್ಳ ಎಂದೆ.

"ಗಾದೆ ಸರಿ ಉಂಟು ಪರ್ಬುಗಳೇ," ಎಂದರು. ನಮ್ಮ ಕಡೆ ಕ್ರಿಶ್ಚಿಯನ್ನರನ್ನು ಹಾಗೆ ಕರೆಯುವುದು ವಾಡಿಕೆ. "ಆದರೆ ನಮಗೆ ಹನಿ ಬೀಳುವುದೇ ಮಳೆ ನಿಂತ ಮೇಲೆ."

ಆದರೂ ಒಪ್ಪಿದರು. ತಿರುಗಾಟದಲ್ಲಿದ್ದಾಗ ಅವರ ಹೆಂಡತಿ ಗುಲಾಬಿಯಕ್ಕ ರೂಪಾಯಿ ಕೊಡುತ್ತಿದ್ದರು. ಆಕೆ ಜಗಲಿಯಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುವವರು. ನನ್ನನ್ನು ಕಂಡ ಕೂಡಲೇ ಎಲೆಯ ಅಡಿಯಿಂದ ನಾಣ್ಯ ತೆಗೆದು ಕೊಡುತ್ತಿದ್ದರು. ಭಾನುವಾರ ನಾನು ಹೋಗುವುದಿಲ್ಲ, ಸೋಮವಾರ ಎರಡು ರೂಪಾಯಿ ತಪ್ಪದೆ ಸಿಗುತ್ತಿತ್ತು.

೧೯೭೫ರ ಪತ್ತನಾಜೆಯ ಹಿಂದಿನ ವಾರ ಸೇರಿಗಾರರು ಸ್ವಲ್ಪ ಹಿಂಜರಿದರು. ಮುಂಗಡ ಬೇಡ ಎನ್ನುವ ಕ್ರಮ ಮೇಳದಲ್ಲಿ ಇಲ್ಲ, ಅರ್ಧವಾದರೂ ತೆಗೆದುಕೊಳ್ಳುತ್ತೇನೆ ಎಂದರು. ನಾನು ಬಿಡಲಿಲ್ಲ.

"ಸಾಲಕ್ಕೆ ಎಂತ ಕ್ರಮ ಸೇರಿಗಾರರೇ? ನೀವು ಬೇಡ ಅಂದರೆ ಯಜಮಾನರಿಗೇ ಲಾಭ ಅಲ್ವಾ?"

ಅವರು ಹಾಗೆಯೇ ಮಾಡಿದರು. ಯಜಮಾನರು ಎಲೆ ಅಡಿಕೆಯ ಮೇಲೆ ಹಣ ಇಟ್ಟು ಕೊಟ್ಟಾಗ ಕೈ ಮುಗಿದು, ಈಗ ಬೇಡ, ದೀಪಾವಳಿಗೆ ನೋಡುವ ಎಂದರಂತೆ. ಯಜಮಾನರು ಒಂದು ಕ್ಷಣ ಅವರ ಮುಖ ನೋಡಿ ಹಣವನ್ನು ಒಳಗಿಟ್ಟರಂತೆ. ಆ ಮಳೆಗಾಲ ಅವರ ಮನೆಯಲ್ಲಿ ಯಾರ ಋಣವೂ ಇರಲಿಲ್ಲ. ಹಳೆಯ ಖಾತೆ ಮುಗಿಸಿ ಹೊಸತೊಂದನ್ನು ತೆರೆದೆವು. ನಾನು ಪೇಟೆಯಲ್ಲೆಲ್ಲ ಅವರ ಉದಾಹರಣೆ ಕೊಡುತ್ತ ತಿರುಗಿದೆ.

ದೀಪಾವಳಿ ಬಂತು. ಮೇಳ ಹೊರಟಿತು. ಸೇರಿಗಾರರಿಗೆ ಕರೆ ಬರಲಿಲ್ಲ.

ಜಗಲಿಯಲ್ಲಿ ಕುಳಿತಿದ್ದ ಅವರನ್ನು ಕೇಳಿದಾಗ, ಮೊಣಕಾಲು ನೋವು, ಈ ವರ್ಷ ನಾನೇ ಬಿಟ್ಟೆ ಎಂದರು. ನನಗೆ ನಂಬಿಕೆ ಬರಲಿಲ್ಲ. ಒಂದು ಭಾನುವಾರ ಇಗರ್ಜಿಯ ಪೂಜೆ ಮುಗಿಸಿ ಬಸ್ಸು ಹತ್ತಿ ಕಾರ್ಕಳಕ್ಕೆ ಯಜಮಾನರ ಮನೆಗೆ ಹೋದೆ. ಸರ್ವೋತ್ತಮ ಹೆಗ್ಡೆಯವರು ಕೆಟ್ಟ ಮನುಷ್ಯರಲ್ಲ. ಕೂರಿಸಿ ಕಾಫಿ ಕೊಟ್ಟರು. ಸೇರಿಗಾರರ ಹೆಸರೆತ್ತಿದ ಕೂಡಲೇ ಅವರ ಮುಖ ಬಾಡಿತು.

"ಅವರು ಹಣ ಮುಟ್ಟಲಿಲ್ಲ," ಎಂದರು. "ಮೇಳ ಬಿಡುವವ ಬಿಡುತ್ತೇನೆ ಅಂತ ಬಾಯಿ ಬಿಟ್ಟು ಹೇಳುವುದುಂಟಾ? ಈಗ ಬೇಡ, ಮತ್ತೆ ನೋಡುವ ಅಂತಲೇ ಹೇಳುವುದು. ಬೇರೆ ಮೇಳದವರು ಹೆಚ್ಚು ಕೊಟ್ಟಿರಬೇಕು ಅಂತ ತಿಳಿದೆ. ಹೋಗುವವರನ್ನು ಕಾಲು ಹಿಡಿದು ನಿಲ್ಲಿಸಲಿಕ್ಕೆ ಆಗ್ತದಾ?"

ಜೂನಿನಲ್ಲೇ ಇನ್ನೊಬ್ಬ ಹುಡುಗನಿಗೆ ಮುಂಗಡ ಕೊಟ್ಟಾಗಿತ್ತು. ಕೊಟ್ಟ ಮೇಲೆ ಹಿಂದೆ ಪಡೆಯುವಂತಿಲ್ಲ. ಆಗ ನನಗೆ ತಿಳಿಯಿತು. ನಾನು ಸಾಲ ಎಂದು ಬರೆದದ್ದನ್ನು ಅವರೆಲ್ಲ ಮುಂದಿನ ವರ್ಷಕ್ಕೆ ಕೊಟ್ಟ ಮಾತು ಎಂದು ಓದುತ್ತಿದ್ದರು. ಒಂದೇ ಒಂದು ರೂಪಾಯಿಯನ್ನು ಎಲೆಯ ಮೇಲಿಂದ ಎತ್ತಿಕೊಂಡಿದ್ದರೂ ಸೇರಿಗಾರರ ಜಾಗ ಉಳಿಯುತ್ತಿತ್ತು. ಹದಿನೆಂಟು ವರ್ಷದ ಜಾಗ.

ಅವರಿಗೆ ಈ ಬುದ್ಧಿ ಹೇಳಿದ್ದು ಯಾರು ಎಂದು ಹೆಗ್ಡೆಯವರು ಕೇಳಿದರು. ಕಾಫಿ ಲೋಟ ನೋಡುತ್ತ, ಗೊತ್ತಿಲ್ಲ ಎಂದೆ. ಆ ಸುಳ್ಳಿಗೆ ನನಗೆ ಇವತ್ತಿಗೂ ನಾಚಿಕೆಯಿದೆ.

ಮರುದಿನ ಎಲ್ಲವನ್ನೂ ಹೇಳಿ ಕ್ಷಮೆ ಕೇಳಬೇಕೆಂದು ಹೋದೆ. ಗುಲಾಬಿಯಕ್ಕ ಎಂದಿನಂತೆ ಎರಡು ರೂಪಾಯಿ ಕೊಟ್ಟರು. ಸೇರಿಗಾರರು ಮಳೆ ಬೇಗ ಹೋಯಿತೆಂದು ಏನೋ ಮಾತಾಡಿದರು. ದುಡ್ಡು ಬರುತ್ತಲೇ ಇದೆಯಲ್ಲ, ಅಷ್ಟೇನೂ ಕಷ್ಟ ಇರಲಿಕ್ಕಿಲ್ಲ ಎಂದು ನನ್ನ ಮನಸ್ಸು ಹಗುರಾಯಿತು. ರಶೀದಿ ಬರೆದು ಸೈಕಲ್ ಹತ್ತಿದೆ. ಮರುದಿನವೂ ರೂಪಾಯಿ ಬಂತು, ಅದರ ಮರುದಿನವೂ. ದಿನ ಕಳೆದಂತೆ ಹೇಳುವ ಧೈರ್ಯ ಉಳಿಯಲಿಲ್ಲ.

ಮುಂದಿನ ಜೂನಿನಲ್ಲಿ ಹಿರಿಯಡ್ಕದ ಶಾಲೆಯವರು ಮಕ್ಕಳಿಗೆ ಕುಣಿತ ಕಲಿಸಲು ಕರೆದರು. ಆಮೇಲೆ ಶನಿವಾರ ಕಾಪುವಿನಲ್ಲಿ, ಭಾನುವಾರ ಮಣಿಪಾಲದಲ್ಲಿ ಕ್ಲಾಸು ಶುರುವಾಯಿತು. ಹೆಗ್ಡೆಯವರು ಸಣ್ಣ ವೇಷಕ್ಕೆ ಹೇಳಿ ಕಳಿಸಿದರೂ ಅವರು ಹೋಗಲಿಲ್ಲ. ನಲವತ್ತೈದು ದಾಟಿತ್ತು, ಒಂದು ವರ್ಷ ಬಣ್ಣ ಹಚ್ಚದೆ ದೇಹವೂ ಮರೆತಿತ್ತು. ರಂಗದ ಮೇಲೆ ಅವರನ್ನು ಮತ್ತೆ ಯಾರೂ ನೋಡಲಿಲ್ಲ.

ಮೇಷ್ಟ್ರಾಗಿ ಅವರು ಹಣದ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಮಕ್ಕಳು ಬಾರದ ರಜೆಯ ತಿಂಗಳುಗಳಿಗೆಂದು ಪ್ರತಿ ತಿಂಗಳ ಫೀಸಿನಲ್ಲಿ ಒಂದು ಪಾಲನ್ನು ಬೇರೆ ತೆಗೆದಿಡುತ್ತಿದ್ದರು. ಹೊಸ ಮಗು ಸೇರಿದರೆ ತಂದೆ ತಾಯಿಯಿಂದ ಎಲೆಯ ಮೇಲೆ ಒಂದು ರೂಪಾಯಿ ಇಡಿಸಿಕೊಳ್ಳುತ್ತಿದ್ದರು. ಇದನ್ನು ಹಿಡಿದ ಮೇಲೆ ನಾನೂ ಬಿಡುವಂತಿಲ್ಲ, ಮಗುವೂ ಬಿಡುವಂತಿಲ್ಲ ಎನ್ನುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ನಾನು ಬೇರೆ ಕಡೆ ನೋಡುತ್ತಿದ್ದೆ.

೧೯೮೭ರ ಮಾರ್ಚಿನಲ್ಲಿ ಕಾಪುವಿನ ಕ್ಲಾಸಿನಿಂದ ಬಂದು ಮಲಗಿದವರು ಎರಡೇ ದಿನದಲ್ಲಿ ತೀರಿಕೊಂಡರು. ಉತ್ತರಕ್ರಿಯೆ ಮುಗಿದ ಮೇಲೆ ಖಾತೆಯ ಹಣ ಹಿಡಿದುಕೊಂಡು ಹೋದೆ. ಗುಲಾಬಿಯಕ್ಕ ಅದೇ ಜಗಲಿಯಲ್ಲಿ ಮೊರ ಇಟ್ಟುಕೊಂಡು ಕುಳಿತಿದ್ದರು. ಹನ್ನೆರಡು ವರ್ಷ ಹೊತ್ತದ್ದನ್ನು ಇನ್ನು ಹೊರಲಾರದೆ ಹೇಳಿಬಿಟ್ಟೆ. ಆ ಪತ್ತನಾಜೆಗೆ ಮುಂಗಡ ಬೇಡ ಎನ್ನಿಸಿದ್ದು ನಾನು, ಅವರ ವೇಷ ಬಿಡಿಸಿದ್ದು ನಾನು ಎಂದೆ.

ಆಕೆ ಬೀಡಿಗೆ ನೂಲು ಸುತ್ತುವುದನ್ನು ನಿಲ್ಲಿಸಲಿಲ್ಲ.

"ಮುಂಗಡ ಬೇಡ ಅಂದದ್ದಕ್ಕೇ ಜಾಗ ಹೋಯಿತು ಅಂತ ಅವರಿಗೆ ಆಗಲೇ ಗೊತ್ತಿತ್ತು ಪರ್ಬುಗಳೇ. ನೀವು ಕಾರ್ಕಳಕ್ಕೆ ಹೋದದ್ದೂ ಗೊತ್ತಿತ್ತು. ದೀಪಾವಳಿ ಕಳೆದ ಮೇಲೆ ಮನೆಯಲ್ಲಿ ಎಂತ ಇತ್ತು? ಎರಡು ಹೊತ್ತು ಗಂಜಿ. ಈ ಪಿಗ್ಮಿ ನಿಲ್ಲಿಸುವ ಅಂತ ನಾನು ಹೇಳಿದೆ. ಅವರು ಒಪ್ಪಲಿಲ್ಲ."

"ಯಾಕೆ?"

"ನಾವು ನಿಲ್ಲಿಸಿದರೆ ಮನೆಯ ಕಷ್ಟ ನಿಮಗೆ ಗೊತ್ತಾಗ್ತದೆ ಅಂತ. ಪರ್ಬುಗಳು ಒಳ್ಳೆಯದಕ್ಕೇ ಹೇಳಿದ್ದು, ಅವರಿಗೆ ಬೇಸರ ಆಗಬಾರದು ಅಂದರು."

ಆಗಿನ ಮಜೂರಿಯಲ್ಲಿ ಒಂದು ರೂಪಾಯಿಗೆ ಮುನ್ನೂರು ಬೀಡಿ. ನನ್ನ ಸಮಾಧಾನಕ್ಕೆ ಆಕೆ ದಿನಾ ಮುನ್ನೂರು ಬೀಡಿ ಹೆಚ್ಚು ಕಟ್ಟಿದ್ದರು. ಗೆಜ್ಜೆ ಕಟ್ಟುತ್ತಿದ್ದ ಮನುಷ್ಯ ಪಕ್ಕದಲ್ಲಿ ಕುಳಿತು ಎಲೆ ಕತ್ತರಿಸಿ ಕೊಡುತ್ತಿದ್ದರಂತೆ.

ನಾನು ತಂದ ಹಣವನ್ನು ಆಕೆ ಎಣಿಸದೆ ಒಳಗಿಟ್ಟು ಬಂದರು. ಆಮೇಲೆ ಎಲೆಯ ಅಡಿಯಿಂದ ಒಂದು ರೂಪಾಯಿ ತೆಗೆದು, ಇನ್ನು ನನ್ನ ಹೆಸರಿನಲ್ಲಿ ಬರೆಯಿರಿ ಎಂದರು. ಬರೆದು ಕೊಟ್ಟೆ.

ಪೇಟೆಯವರೆಗೆ ಸೈಕಲ್ ತಳ್ಳಿಕೊಂಡೇ ನಡೆದೆ. ಆ ದೀಪಾವಳಿಯಿಂದ ಜೂನಿನಲ್ಲಿ ಶಾಲೆ ಶುರುವಾಗುವವರೆಗೆ ಇನ್ನೂರ ಹತ್ತು ದಿನ, ಇನ್ನೂರ ಹತ್ತು ರೂಪಾಯಿ. ಅದರಲ್ಲಿ ನನಗೆ ಸಿಕ್ಕಿದ ಕಮಿಷನ್ ಆರು ರೂಪಾಯಿ ಮೂವತ್ತು ಪೈಸೆ. ಲೆಕ್ಕ ನನಗೆ ಚೆನ್ನಾಗಿ ಬರುತ್ತದೆ.