ಹರಿಯಲೆಂದೇ ಹೊಲಿಯುವ ಪರ್ರಕ್ಕ

ಬೆಳಗಿನ ಐದೂವರೆ. ಸೂರ್ಯ ಇನ್ನೂ ಮಗ್ಗುಲು ಬದಲಿಸುತ್ತಿರುವ ಹೊತ್ತು. ಸ್ಟುಡಿಯೋದ ಬಟ್ಟೆಕೋಣೆಯಲ್ಲಿ ಒಂದೇ ಒಂದು ಟ್ಯೂಬ್‌ಲೈಟು ಉರಿಯುತ್ತಿದೆ. ಅದರ ಕೆಳಗೆ ಅರವತ್ತೆಂಟರ ಹೆಂಗಸೊಬ್ಬರು ಬೂದು ಬಣ್ಣದ ಪ್ಯಾಂಟನ್ನು ಒಳಮೈ ಹೊರಗೆ ಮಾಡಿ, ಕೂರುವ ಜಾಗದ ಹೊಲಿಗೆಯನ್ನು ಕಿವಿಗೆ ಹಿಡಿದು ಮೆಲ್ಲನೆ ಎಳೆಯುತ್ತಾರೆ. ದಾರ ಕಿರ್ರೆನ್ನುತ್ತದೆ. ತಲೆಯಾಡಿಸಿ ಬಿಚ್ಚುತ್ತಾರೆ, ಮತ್ತೆ ಹೊಲಿಯುತ್ತಾರೆ. ಇದು ಏಳನೆಯ ಸಲ. ಭೂಮಂಡಲದ ದರ್ಜಿಗಳೆಲ್ಲ ಬಟ್ಟೆ ಹರಿಯಬಾರದೆಂದು ಹೊಲಿದರೆ, ಈ ತಾಯಿಯೊಬ್ಬರು ಹರಿಯಲೆಂದೇ ಹೊಲಿಯುತ್ತಾರೆ. ಅದೂ ಹೇಳಿದ ಜಾಗದಲ್ಲಿ, ಹೇಳಿದ ಗಳಿಗೆಯಲ್ಲಿ, ಪಕ್ಕದ ಬೀದಿಯ ನಾಯಿ ಎದ್ದು ಕೂರುವಷ್ಟು ಸದ್ದಿನೊಂದಿಗೆ.

ಸಿನಿಮಾದವರಿಗೆಲ್ಲ ಇವರು ಪರ್ರಕ್ಕ. ನಾಯಕನ ಮಾವ ಕುರ್ಚಿಯಿಂದ ಏಳುವಾಗ, ಕಳ್ಳ ಬೇಲಿ ಹಾರುವಾಗ, ಪೊಲೀಸಪ್ಪ ಸೆಲ್ಯೂಟ್ ಹೊಡೆಯುವಾಗ ಪರ್ರನೆ ಹರಿದು ಚುಕ್ಕಿ ಚಡ್ಡಿ ಕಾಣಿಸಿದ್ದನ್ನು ನೋಡಿ ನೀವು ಹೊಟ್ಟೆ ಹಿಡಿದುಕೊಂಡಿದ್ದರೆ, ಆ ಪುಣ್ಯ ಇವರ ಸೂಜಿಯದು. ಆ ಕಾಲದ ನಗುವೇ ಬೇರೆ. ಒಬ್ಬ ಜಾರಿ ಬಿದ್ದರೆ ಸಾಕು, ಥಿಯೇಟರಿನ ತಗಡು ನಾಲ್ಕು ಅಂಗುಲ ಮೇಲೆದ್ದು ಕೂರುತ್ತಿತ್ತು. ಮುಂದಿನ ಆಟಕ್ಕೆ ಹೊರಗೆ ಸಾಲು ನಿಂತವರು ಒಳಗಿನ ನಗು ಕೇಳಿಯೇ ನಗಲು ಶುರುಮಾಡಿ, ಟಿಕೆಟ್ ಕೊಳ್ಳುವಷ್ಟರಲ್ಲಿ ಸುಸ್ತಾಗಿರುತ್ತಿದ್ದರು. ಬಿದ್ದವನಿಗೆ ನೋವಾಗುವುದಿಲ್ಲ, ಹರಿದವನ ಮಾನ ಹೋಗುವುದಿಲ್ಲ ಎಂದು ಎಲ್ಲರಿಗೂ ಗೊತ್ತಿದ್ದ ಕಾಲ ಅದು.

ನಲವತ್ತೊಂದು ವರ್ಷದ ದುಡಿಮೆಯ ಪ್ಯಾಂಟುಗಳನ್ನು ಸಾಲಾಗಿ ಹಾಸಿದರೆ ಚಂದ್ರಲೋಕ ಮುಟ್ಟಿ ವಾಪಸ್ ಬರಬಹುದು ಎಂದರೆ ಪರ್ರಕ್ಕ ದಾರ ಕಚ್ಚಿ ತುಂಡರಿಸುತ್ತ ಹೇಳುತ್ತಾರೆ: “ಅಷ್ಟೆಲ್ಲ ಇಲ್ಲಪ್ಪ. ಸಾವಿರದ ಇನ್ನೂರು ಇರಬಹುದು. ಬಸ್ ಸ್ಟ್ಯಾಂಡ್ ತನಕ ಹೋಗ್ತವೆ.”

ಕೆಲಸ ಕಲಿತದ್ದು ಗಂಡನ ಅಂಗಡಿಯಲ್ಲಿ. ಅವರು ಗಟ್ಟಿ ಹೊಲಿಗೆಗೆ ಹೆಸರಾದ ದರ್ಜಿ. ಅವರ ಪ್ಯಾಂಟಿನಲ್ಲಿ ಆನೆ ಕೂತೆದ್ದರೂ ಒಂದು ಎಳೆ ಸಡಿಲಾಗದು. ಹತ್ತಡಿ ಕೋಣೆಯಲ್ಲಿ ಬೆನ್ನಿಗೆ ಬೆನ್ನು ಹಾಕಿ ಎರಡು ಮಷಿನ್ನು. ಒಂದರಲ್ಲಿ ಬಾಳುವ ಬಟ್ಟೆ, ಇನ್ನೊಂದರಲ್ಲಿ ಹಾಳಾಗುವ ಬಟ್ಟೆ. ಒಮ್ಮೆ ಪೊಟ್ಟಣ ಅದಲುಬದಲಾಯಿತು. ಶಾಲೆಯ ಹೆಡ್‌ಮಾಸ್ತರು ಬಹುಮಾನದ ದಿನ ಕೆಳಗೆ ಬಿದ್ದ ಕಪ್ಪನ್ನು ಎತ್ತಿಕೊಳ್ಳಲು ಬಗ್ಗಿದರು. ಮುಂದಿನದನ್ನು ಆ ಶಾಲೆಯ ಎಂಟುನೂರು ಮಕ್ಕಳು ಇಂದಿಗೂ ತಮ್ಮ ಮೊಮ್ಮಕ್ಕಳಿಗೆ ಹೇಳುತ್ತಿದ್ದಾರೆ. ಅತ್ತ ಶೂಟಿಂಗಿನಲ್ಲಿ ನಟ ಬಗ್ಗಿದ್ದೇ ಬಗ್ಗಿದ್ದು, ಏನೂ ಆಗಲಿಲ್ಲ.

“ಹನ್ನೊಂದು ಸಲ ಬಗ್ಗಿದ್ರೂ ಹರೀಲಿಲ್ಲ, ಬರ್ಕೊಳ್ಳಿ,” ಎನ್ನುತ್ತಾರೆ ಹೆಂಡತಿಯ ಜೊತೆಗೆ ಬಂದು ಮೂಲೆಯಲ್ಲಿ ಕೂತಿರುವ ಯಜಮಾನರು, ಪದಕ ಸಿಕ್ಕವರ ಹಾಗೆ.

“ಸಾಕು ಸುಮ್ನಿರ್ರೀ. ಆ ಮನುಷ್ಯ ಸೊಂಟ ಹಿಡ್ಕೊಂಡು ಮೂರು ದಿನ ಮಲಗಿದ್ರು.”

“ಸೊಂಟಕ್ಕೆ ನಾನು ಗ್ಯಾರಂಟಿ ಕೊಟ್ಟಿರಲಿಲ್ಲ ಕಣೇ. ಪ್ಯಾಂಟಿಗೆ ಕೊಟ್ಟಿದ್ದೆ.”

ಈಗ ಪರ್ರಕ್ಕನಿಗೆ ವರ್ಷಕ್ಕೆ ಒಂದು ಕರೆ ಬಂದರೆ ಹೆಚ್ಚು. ಹರಿಯುವುದನ್ನೂ ಬೀಳುವುದನ್ನೂ ಕಂಪ್ಯೂಟರೇ ನೋಡಿಕೊಳ್ಳುತ್ತದೆ. ಇಂದಿನ ಚಿತ್ರದ ನಿರ್ದೇಶಕರೂ ಹಾಗೆಯೇ ಯೋಚಿಸಿದ್ದರು. ಅದಕ್ಕೆ ಅಡ್ಡ ಬಂದವರು ಧೊಪ್ಪಣ್ಣ. ಹೌದು, ಬಿದ್ದರೆ ಭೂಕಂಪ ಮಾಪಕದಲ್ಲಿ ದಾಖಲಾಗುತ್ತಿದ್ದ ಅದೇ ಹಾಸ್ಯನಟ. ಈಗ ಎಪ್ಪತ್ತಾರು. ಹನ್ನೆರಡು ವರ್ಷಗಳ ಮೇಲೆ ಒಂದು ದೃಶ್ಯಕ್ಕೆ ಬಂದಿದ್ದಾರೆ: ಬ್ಯಾಂಕಿನಲ್ಲಿ ಬಿದ್ದ ಪೆನ್ನು ಎತ್ತಿಕೊಳ್ಳಬೇಕು, ಪ್ಯಾಂಟು ಹರಿಯಬೇಕು.

“ಹರಿದ ಸದ್ದು ನನ್ನ ಕಿವಿಗೆ ಬೀಳದಿದ್ರೆ ಮುಖ ಎಲ್ಲಿಂದ ತರಲಿ ಸಾರ್?” ಎಂದು ಕೇಳಿದರಂತೆ. “ಜನ ನಗೋದು ಪ್ಯಾಂಟಿಗಲ್ಲ, ಮುಖಕ್ಕೆ.”

ನಿರ್ದೇಶಕರು ಒಪ್ಪಿದರು, ಒಂದೇ ಟೇಕಿಗೆ. ತಪ್ಪಿದರೆ ಕಂಪ್ಯೂಟರು. ತಪ್ಪಿದರೆ ಯೂನಿಟ್ಟಿನ ನೂರು ಜನ “ಪಾಪ, ವಯಸ್ಸಾಯ್ತು” ಎನ್ನುತ್ತಾರೆ. ಧೊಪ್ಪಣ್ಣನಿಗೆ ಆ ಮಾತಿನ ಹೆದರಿಕೆ ಹುಲಿಯ ಹೆದರಿಕೆಗಿಂತ ದೊಡ್ಡದು.

ಏಳು ಗಂಟೆಗೆ ಅವರೇ ಕೋಣೆಗೆ ಬರುತ್ತಾರೆ. ಪರ್ರಕ್ಕ ಟೇಪು ಮುಟ್ಟುವುದಿಲ್ಲ. ಸೀಮೆಸುಣ್ಣದ ಚೂರೊಂದನ್ನು ನೆಲಕ್ಕೆ ಹಾಕುತ್ತಾರೆ. ಇವರ ಅಳತೆಯೇ ಇದು, ಸೊಂಟದ್ದಲ್ಲ, ಬಗ್ಗುವಿಕೆಯದು.

“ಎತ್ಕೊಳ್ಳಿ ಅಣ್ಣ.”

“ನಾನು ಬಗ್ಗೋದನ್ನ ಮೂವತ್ತು ವರ್ಷದಿಂದ ನೋಡಿಲ್ವೇನಮ್ಮ?”

“ಅದು ಹಳೇ ಅಳತೆ. ಎತ್ಕೊಳ್ಳಿ.”

ಹಿಂದೆ ಈ ಮನುಷ್ಯ ಬಗ್ಗಿದರೆ ಚಾಕು ಮಡಚಿದಂತೆ, ಕಣ್ಣು ಮಿಟುಕಿಸಿದವರಿಗೆ ಕಾಣುತ್ತಲೇ ಇರಲಿಲ್ಲ. ಈಗ ಮೊದಲು ಒಂದು ಮಂಡಿ, ಆಮೇಲೆ ತೊಡೆಗೆ ಕೈ, ಆಮೇಲೆ ಸ್ವಲ್ಪ ಸ್ವಲ್ಪವೇ ಬೆನ್ನು. ಇಷ್ಟು ನಿಧಾನಕ್ಕೆ ಬಗ್ಗಿದರೆ ಹೊಲಿಗೆ ಒಂದೊಂದೇ ಎಳೆ ಕಳಚಿಕೊಳ್ಳುತ್ತದೆ, ಸದ್ದೇ ಬರುವುದಿಲ್ಲ. ಸುಣ್ಣ ಕೈಗೆ ಸಿಕ್ಕಿದ ಮೇಲೆ ಏಳಲಾಗದೆ, ಧೊಪ್ಪಣ್ಣ ಮಂಡಿ ಅಗಲಿಸಿ ಒಮ್ಮೆ ಕೆಳಕ್ಕೆ ಕುಸಿದು, ಆ ಕುಲುಕಿನ ಬಲದಲ್ಲಿ ಮೇಲೇಳುತ್ತಾರೆ. ಪರ್ರಕ್ಕನ ಕಣ್ಣು ಅಲ್ಲಿ ನಿಲ್ಲುತ್ತದೆ.

“ಸಿಕ್ತು ಅಳತೆ. ನೀವು ನಿಮ್ಮ ಪಾಡಿಗೆ ಬಗ್ಗಿ ಅಣ್ಣ, ಉಳಿದದ್ದು ನಂದು.”

ಅವರು ಹೋದ ಮೇಲೆ ಏಳನೆಯ ಸಲ ಹೊಲಿದದ್ದನ್ನೂ ಬಿಚ್ಚಿಹಾಕಿ ಎಂಟನೆಯದು ಶುರು. ಮೊದಲು ಮೂರು ಗಟ್ಟಿ ಹೊಲಿಗೆ, ಆಮೇಲೆ ಉದ್ದಕ್ಕೂ ಸಡಿಲ. “ಈ ಮೂರು ಕಾವಲುಗಾರರು. ಮೆಲ್ಲಗೆ ಬಂದ್ರೆ ತಡೀತಾರೆ. ಕುಲುಕಿದ್ರೆ ಮೂವರೂ ಒಟ್ಟಿಗೆ ಓಡಿಹೋಗ್ತಾರೆ.” ಬಟ್ಟೆಗೆ ಗಂಜಿ ಹಾಕಿ, ಹಪ್ಪಳದಂತೆ ಗರಿಗರಿಯಾಗುವ ತನಕ ಇಸ್ತ್ರಿ ಹಾಕುತ್ತಾರೆ. ಸದ್ದು ಅಲ್ಲಿಂದ ಬರಬೇಕು.

ಒಂಬತ್ತಕ್ಕೆ ಸೆಟ್ಟಿನಲ್ಲಿ ಸೊಳ್ಳೆಯೂ ರೆಕ್ಕೆ ಮಡಚಿಕೊಂಡಷ್ಟು ಮೌನ. ಕ್ಯಾಮೆರಾ ತಿರುಗುತ್ತದೆ. ಪೆನ್ನು ಬೀಳುತ್ತದೆ. ಧೊಪ್ಪಣ್ಣ ಬಗ್ಗುತ್ತಾರೆ. ಮಂಡಿ, ಕೈ, ಬೆನ್ನು. ಪೆನ್ನು ಕೈಗೆ ಬರುತ್ತದೆ.

ಏನೂ ಹರಿಯುವುದಿಲ್ಲ.

ಅವರ ಮುಖ ಸಣ್ಣದಾಗುತ್ತದೆ. ಅದು ನಟನೆಯಲ್ಲ. ಬಗ್ಗಿದಲ್ಲೇ ಒಮ್ಮೆ ಪರ್ರಕ್ಕನ ಕಡೆ ನೋಡುತ್ತಾರೆ, ಬಸ್ಸು ತಪ್ಪಿಸಿಕೊಂಡವರ ಹಾಗೆ. ಲೈಟಿನವರು ನೆಲ ನೋಡುತ್ತಾರೆ. ನಿರ್ದೇಶಕರ ಕೈ ‘ಕಟ್’ ಹೇಳಲು ಅರ್ಧ ಮೇಲೇಳುತ್ತದೆ. ಆಗ ಧೊಪ್ಪಣ್ಣ ಏಳಲೆಂದು ಮಂಡಿ ಅಗಲಿಸಿ ಕೆಳಕ್ಕೆ ಕುಸಿಯುತ್ತಾರೆ.

ಪರ್ರ್.

ನಲವತ್ತೊಂದು ವರ್ಷಗಳ ಹರಿಯುವಿಕೆಯ ಇತಿಹಾಸದಲ್ಲೇ ಅಂಥ ಸದ್ದು ಕೇಳಿಲ್ಲ. ಮತ್ತು ಆ ಮುಖ: ಮೊದಲು ಗಾಬರಿ, ಹಿಂದೆಯೇ ಅನುಮಾನ, ಆಮೇಲೆ ಕಳೆದುಹೋದ ಮಗು ಅಮ್ಮನನ್ನು ಕಂಡಂಥ ಸಂತೋಷ. ಅದನ್ನು ಮುಚ್ಚಿಡಲು ಪೆನ್ನಿನಿಂದ ಹಿಂಬದಿ ಮರೆಮಾಡುವ ಪ್ರಯತ್ನ. ಕ್ಯಾಮೆರಾದವರು ಕಚ್ಚಿಕೊಂಡ ತುಟಿ ಇನ್ನೂ ಬಾತುಕೊಂಡಿದೆ. ಮೇಲಿನ ಅಟ್ಟಣಿಗೆಯಿಂದ ಲೈಟಿನವನೊಬ್ಬ ನಕ್ಕು ನಕ್ಕು ಕೆಳಗೆ ಬೀಳುವುದರಲ್ಲಿದ್ದ. ನಿರ್ದೇಶಕರು ‘ಕಟ್’ ಹೇಳುವುದನ್ನೇ ಮರೆತಿದ್ದಾರೆ.

“ಸೇಫ್ಟಿಗೆ ಇನ್ನೊಂದು ಟೇಕ್ ಮಾಡೋಣ್ವಾ?” ಎನ್ನುತ್ತಾರೆ ಕಣ್ಣೊರೆಸಿಕೊಂಡು.

“ಬೇಡ ಸಾರ್,” ಎನ್ನುತ್ತಾರೆ ಎಂದೂ ಸೆಟ್ಟಿನಲ್ಲಿ ಬಾಯಿ ತೆರೆಯದ ಪರ್ರಕ್ಕ. “ಯಾವಾಗ ಹರಿಯುತ್ತೆ ಅಂತ ಈಗ ಅವರಿಗೆ ಗೊತ್ತಾಗಿಬಿಟ್ಟಿದೆ. ಆ ಮುಖ ಮತ್ತೆ ಬರಲ್ಲ.”

ಧೊಪ್ಪಣ್ಣ ಟವೆಲು ಸುತ್ತಿಕೊಂಡು ಬರುತ್ತಾರೆ. “ಯಾಕಮ್ಮ ಇಷ್ಟು ತಡ? ನನ್ನ ಜೀವ ಹೋಗಿತ್ತು.”

“ತಡ ಎಲ್ಲಿ ಅಣ್ಣ? ಬಗ್ಗೋದು ಎಲ್ರಿಗೂ ಬರುತ್ತೆ. ಏಳೋದಕ್ಕೇ ಹೊಲಿದಿದ್ದೆ ನಾನು.”

ಧೊಪ್ಪಣ್ಣ ಪರ್ರಕ್ಕನ ತಲೆಯ ಮೇಲೆ ಒಮ್ಮೆ ಕೈಯಿಟ್ಟು, ಟವೆಲು ಬಿಗಿ ಮಾಡಿಕೊಂಡು ಹೋಗುತ್ತಾರೆ.

ಸೂಜಿಗಳನ್ನು ಡಬ್ಬಿಗೆ ಸೇರಿಸುತ್ತಿರುವ ಪರ್ರಕ್ಕನಿಗೆ ಆಸೆ ಏನಾದರೂ ಉಳಿದಿದೆಯೇ? ಇದೆ, ಒಂದೇ. “ಈ ಸಿನಿಮಾ ಬಂದಾಗ ಥಿಯೇಟರಲ್ಲಿ ಮೊದಲನೇ ಸಾಲಲ್ಲಿ ಹಿಂದಕ್ಕೆ ತಿರುಗಿ ಕೂರಬೇಕು. ಹರಿದ ಮೇಲೆ ಜನ ನಗೋದನ್ನ ಬೇಕಾದಷ್ಟು ಕೇಳಿದ್ದೀನಿ. ಅಣ್ಣ ಬಗ್ಗಿ, ಇನ್ನೂ ಏನೂ ಆಗದೆ ಇರುತ್ತಲ್ಲ, ಆಗ ಅವರ ಮುಖಗಳನ್ನ ನೋಡಬೇಕು. ಇನ್ನು ನಗು ಬರಲ್ಲ ಅಂತ ಅವರಿಗನ್ನಿಸ್ತಿರುತ್ತೆ. ಬರುತ್ತೆ ಅಂತ ನನಗೆ ಗೊತ್ತಿರುತ್ತೆ.”